ಬಾಗಿಲು ಹಾಕಿದವನು ಲೆಕ್ಕ ಕೊಡಬೇಕು



ಕೆಲವು ದಿನಗಳ ಹಿಂದೆ ಎಂಟನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳು ಸಂಜೆಯ ವಾರ್ತೆ ಕೇಳುತ್ತ ನನ್ನತ್ತ ತಿರುಗಿದಳು. "ಅಜ್ಜಾ, ಟೀವಿಯೊಳಗ ಕಲಂ 163 ಅಂದ್ರು. ಅಪ್ಪ 144 ಅಂತಾನ. ಯಾವುದು ಖರೆ?" ಮೂವತ್ತು ವರ್ಷಕ್ಕೂ ಮಿಗಿಲಾಗಿ ಸಮಾಜ ವಿಜ್ಞಾನ ಕಲಿಸಿದವನಿಗೆ ಇದಕ್ಕಿಂತ ಸುಲಭದ ಪ್ರಶ್ನೆ ಯಾವುದಿದೆ! ಎರಡೂ ಖರೆ ಎಂದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 144 ಎಂದಿದ್ದ ಕಲಮು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 163 ಆಗಿದೆ. ಸಂಖ್ಯೆ ಬದಲಾಗಿದೆ, ತಿರುಳು ಬಹುಮಟ್ಟಿಗೆ ಅದೇ. ಅಲ್ಲಿಗೆ ಸುಮ್ಮನಾಗಬೇಕಾದ ಹುಡುಗಿ ಮತ್ತೊಂದು ಪ್ರಶ್ನೆ ಎಸೆದಳು: "ತಪ್ಪು ಮಾಡಿದವ್ರನ್ನ ಹಿಡೀಬೇಕು. ಎಲ್ಲಾರನ್ನೂ ಯಾಕ ಮನ್ಯಾಗ ಕೂಡಸ್ತಾರ?"

ಆ ಪ್ರಶ್ನೆ ಆ ರಾತ್ರಿ ನನ್ನನ್ನು ಮಲಗಗೊಡಲಿಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ.

ಮೊದಲು ಕಾನೂನಿನ ಮಾತು. ಶಾಂತಿಭಂಗ, ದೊಂಬಿ, ಪ್ರಾಣಾಪಾಯ ಮುಂತಾದವುಗಳ ಸಂಭವ ಕಂಡಾಗ ಜಿಲ್ಲಾ ದಂಡಾಧಿಕಾರಿಗಳು, ಉಪವಿಭಾಗ ದಂಡಾಧಿಕಾರಿಗಳು ಅಥವಾ ಅಧಿಕಾರ ಪಡೆದ ಇತರ ಕಾರ್ಯನಿರ್ವಾಹಕ ದಂಡಾಧಿಕಾರಿಗಳು ಈ ಕಲಮಿನಡಿ ನಿಷೇಧಾಜ್ಞೆ ಹೊರಡಿಸಬಹುದು. ಬೆಂಗಳೂರಿನಂತಹ ನಗರದಲ್ಲಿ ಆ ಅಧಿಕಾರ ಪೊಲೀಸ್ ಆಯುಕ್ತರಿಗಿದೆ. ಆಜ್ಞೆ ಲಿಖಿತವಾಗಿರಬೇಕು, ಅದಕ್ಕೆ ಆಧಾರವಾದ ಸಂಗತಿಗಳನ್ನು ಅದರಲ್ಲಿ ಹೇಳಿರಬೇಕು. ಎರಡು ತಿಂಗಳಿಗಿಂತ ಹೆಚ್ಚು ಕಾಲ ಅದು ನಿಲ್ಲದು. ಮುಂದುವರಿಸಬೇಕಾದರೆ ರಾಜ್ಯ ಸರ್ಕಾರವೇ ಆದೇಶಿಸಬೇಕು, ಅದೂ ಹೆಚ್ಚೆಂದರೆ ಇನ್ನಾರು ತಿಂಗಳು. ಆಜ್ಞೆಯಿಂದ ತೊಂದರೆಗೊಳಗಾದ ಯಾರೇ ಆಗಲಿ, ಅದನ್ನು ರದ್ದುಪಡಿಸಿರಿ ಅಥವಾ ಬದಲಿಸಿರಿ ಎಂದು ಆ ದಂಡಾಧಿಕಾರಿಗಳಿಗೇ ಅರ್ಜಿ ಕೊಡಬಹುದು. ಈ ಕೊನೆಯ ಮಾತು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನಾನು ಸಹ ತರಗತಿಯಲ್ಲಿ ಇದನ್ನು ಒಮ್ಮೆಯೂ ಹೇಳಿದ ನೆನಪಿಲ್ಲ. "144 ಅಂದರೆ ಐದು ಜನ ಸೇರಬಾರದು" ಎಂದು ಒಂದು ಸಾಲು ಬರೆಸಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ನಿಷೇಧವನ್ನು ಕಲಿಸಿದೆ, ಅದರ ಮಿತಿಯನ್ನು ಕಲಿಸಲಿಲ್ಲ.

ಸರ್ಕಾರದ ಆಜ್ಞೆಗಳು ನಮ್ಮ ಸೀಮೆಗೆ ಹೊಸವಲ್ಲ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂದು ಬ್ರಿಟಿಷರು ಹೊರಡಿಸಿದ ಆಜ್ಞೆಗೆ ಮಣಿಯದ ಹಲಗಲಿಯ ಬೇಡರ ಕಥೆಯನ್ನು ನೀವೆಲ್ಲ ಓದಿದ್ದೀರಿ. ಕನ್ನಡದ ಗುರುಗಳು ಆ ಲಾವಣಿಯನ್ನು ಹಾಡಿಸುತ್ತಿದ್ದರೆ ಪಕ್ಕದ ಕೋಣೆಯಲ್ಲಿ ನಾನು ಪಾಠ ನಿಲ್ಲಿಸಿ ಕೇಳುತ್ತಿದ್ದೆ. ಶಾಂತಿಗಾಗಿ ಆಯುಧ ಕೊಡಿ ಎಂಬುದು ಹೊರನೋಟಕ್ಕೆ ಸರಿಯಾದ ಮಾತೇ. ಆದರೆ ಬೇಟೆಯನ್ನೇ ನಂಬಿದವನ ಕೈಯಿಂದ ಆಯುಧ ಕಿತ್ತುಕೊಂಡರೆ ಅವನು ಏನು ಉಣ್ಣಬೇಕೆಂದು ಆಜ್ಞೆ ಬರೆದವರು ಯೋಚಿಸಲಿಲ್ಲ. ಆ ನವೆಂಬರಿನ ಕೊನೆಗೆ ಹಲಗಲಿ ಹೊತ್ತಿ ಉರಿಯಿತು. ಸೆರೆ ಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಸುಮಾರು ನಲವತ್ತು ವರ್ಷಗಳ ಅನಂತರ ಮುಂಬಯಿ ಪ್ರಾಂತಕ್ಕೆ ಪ್ಲೇಗು ಬಂತು. ಆಗ ನಮ್ಮ ಬಾಗಲಕೋಟೆಯೂ ಆ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿತ್ತು. ಪುಣೆಯಲ್ಲಿ ಸೈನಿಕರು ರೋಗಿಗಳನ್ನು ಹುಡುಕುವ ನೆಪದಲ್ಲಿ ಮನೆಮನೆಗೆ ನುಗ್ಗಿದರು, ಜನ ರೊಚ್ಚಿಗೆದ್ದರು, ಪ್ಲೇಗು ಅಧಿಕಾರಿ ರ‍್ಯಾಂಡ್ 1897ರ ಜೂನಿನಲ್ಲಿ ಚಾಪೇಕರ ಸಹೋದರರ ಗುಂಡಿಗೆ ಗುರಿಯಾದ. ಅದೇ ಪ್ಲೇಗಿಗೆ ನಮ್ಮ ಹಳ್ಳಿಯ ಜನ ಮಾಡಿದ್ದೇನು? ನನ್ನ ಅಜ್ಜಿ ತನ್ನ ಹಿರಿಯರಿಂದ ಕೇಳಿದ್ದನ್ನು ಹೇಳುತ್ತಿದ್ದಳು: ಊರೇ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಕೂತಿತಂತೆ. ಯಾವ ಸಿಪಾಯಿಯೂ ಬಡಿಗೆ ಹಿಡಿದು ಅಟ್ಟಲಿಲ್ಲ. ರೋಗ ಏನೆಂದು ತಿಳಿದಿತ್ತು, ಹಿರಿಯರ ಮಾತಿನಲ್ಲಿ ನಂಬಿಕೆಯಿತ್ತು, ಜನ ತಾವಾಗಿಯೇ ಬಾಗಿಲು ಹಾಕಿಕೊಂಡರು.

ನವನಗರದವರಾದ ನಮಗಂತೂ ಸಾರ್ವಜನಿಕ ಹಿತ ಎಂಬ ಮಾತಿನ ತೂಕ ಚೆನ್ನಾಗಿ ಗೊತ್ತು. ಆಲಮಟ್ಟಿಯ ಹಿನ್ನೀರು ಬರುತ್ತದೆಂದು ಹುಟ್ಟಿದ ಮನೆಯನ್ನೂ ಆಡಿದ ಓಣಿಯನ್ನೂ ಬಿಟ್ಟು ಈ ಸೆಕ್ಟರುಗಳಿಗೆ ಬಂದವರು ನಾವು. ಯಾರದೋ ಹೊಲಕ್ಕೆ ನೀರು ಹರಿಯಲೆಂದು ನಮ್ಮ ಪಡಸಾಲೆ ಮುಳುಗಲು ಒಪ್ಪಿದೆವು. ಅಳುತ್ತಲೇ ಒಪ್ಪಿದೆವು, ನಿಜ. ಆದರೆ ಯಾಕೆಂದು ತಿಳಿದಿತ್ತು; ಎಲ್ಲಿಯವರೆಗೆ ನೀರು ನಿಲ್ಲುವುದೆಂದು ಕಲ್ಲು ನೆಟ್ಟಿದ್ದರು; ಪರಿಹಾರ ಸಾಲದೆಂದು ಜಗಳವಾಡಲು ಕಚೇರಿಯೂ ಕೋರ್ಟೂ ಇದ್ದವು. ಆದ್ದರಿಂದ ಯಾರಾದರೂ "ಜನರಿಗೆ ಸ್ವಾತಂತ್ರ್ಯದ ಹುಚ್ಚು, ತ್ಯಾಗ ಬೇಡ" ಎಂದರೆ ನನಗೆ ಸಿಟ್ಟು ಬರುತ್ತದೆ. ಜನ ತ್ಯಾಗಕ್ಕೆ ಹಿಂಜರಿಯುವುದಿಲ್ಲ. ಕಾರಣ ತಿಳಿಯದ, ಗಡುವಿಲ್ಲದ, ಲೆಕ್ಕವಿಲ್ಲದ ತ್ಯಾಗಕ್ಕೆ ಹಿಂಜರಿಯುತ್ತಾರೆ.

ಇನ್ನು 2020. ಆ ವರ್ಷದ ಮಾರ್ಚಿನಲ್ಲಿ ಕಲಬುರಗಿಯಲ್ಲಿ ದೇಶದ ಮೊದಲ ಕೊರೊನಾ ಸಾವು ದಾಖಲಾಯಿತು. ಮಾರ್ಚ್ 22ರಂದು ಜನತಾ ಕರ್ಫ್ಯೂ. 24ರ ರಾತ್ರಿ ಎಂಟಕ್ಕೆ ಘೋಷಣೆ, ನಡುರಾತ್ರಿಯಿಂದಲೇ ಇಡೀ ದೇಶಕ್ಕೆ ಬೀಗ. ನಡುವೆ ನಾಲ್ಕೇ ತಾಸು. ಏಪ್ರಿಲ್ ಮೊದಲ ವಾರ ಬಾಗಲಕೋಟೆಯ ಹಳೆಯ ಊರಿನಲ್ಲಿ ಮೊದಲ ಸಾವಾಯಿತು. ಓಣಿಗಳಿಗೆ ಅಡ್ಡಗಟ್ಟೆ ಬಿದ್ದವು. ಮೇ ತಿಂಗಳಲ್ಲಿ ಬಾದಾಮಿ ತಾಲ್ಲೂಕಿನ ಢಾಣಕಶಿರೂರಿನಲ್ಲಿ ಸೋಂಕು ಹಬ್ಬಿ ಊರನ್ನೇ ಮುಚ್ಚಿದರು. ಇಳಕಲ್ಲಿನಲ್ಲಿ ಮಗ್ಗಗಳ ಸದ್ದಡಗಿತು. ನೂಲು ಬರಲಿಲ್ಲ, ನೇಯ್ದ ಸೀರೆ ಹೋಗಲಿಲ್ಲ. ಹುನಗುಂದ, ಬಾದಾಮಿ ಕಡೆಯಿಂದ ಗೋವಾಕ್ಕೂ ಮಂಗಳೂರಿಗೂ ದುಡಿಯಲು ಹೋದವರು ಅಲ್ಲಲ್ಲೇ ಸಿಕ್ಕಿಬಿದ್ದರು.

ಆಗ ನನ್ನ ನಿವೃತ್ತಿಗೆ ಇನ್ನೊಂದು ವರ್ಷವಿತ್ತು. ಮನೆಯವರ ರಕ್ತದೊತ್ತಡದ ಮಾತ್ರೆ ತೀರಿದ್ದರಿಂದ ಒಂದು ಬೆಳಿಗ್ಗೆ ಚೀಟಿ ಹಿಡಿದು ಹೊರಟೆ. ವೃತ್ತದಲ್ಲಿ ತಡೆದ ಪೊಲೀಸ್ ಪೇದೆ ಮುಖಗವಸು ಸರಿಸಿದಾಗ ನೋಡುತ್ತೇನೆ, ನನ್ನದೇ ವಿದ್ಯಾರ್ಥಿ! ಕೊನೆಯ ಬೆಂಚಿನವನು.

"ಸರ್, ನೀವ ಹಿಂಗ ಹೊರಗ ಬಂದ್ರ ನಾವು ಮಂದೀಗೆ ಏನಂತ ಹೇಳೂಣ್ರೀ? ಚೀಟಿ ಕೊಡ್ರಿ, ಗುಳಿಗಿ ನಾ ತಂದು ಮುಟ್ಟಸ್ತೀನಿ."

ಸಂಜೆ ಹೇಳಿದಂತೆಯೇ ಗೇಟಿನ ಹೊರಗೆ ನಿಂತು ಮಾತ್ರೆ ಕೊಟ್ಟ. ಒಳಗೆ ಬಾ ಎಂದರೆ ಬರಲಿಲ್ಲ. "ಬ್ಯಾಡ್ರಿ ಸರ್. ಮನ್ಯಾಗೂ ನಾ ಹೊರಗ ಮಕ್ಕೊಂತೀನಿ. ಕೂಸಿನ್ನ ಮುಟ್ಟಿ ಹದಿನೈದು ದಿನಾತು." ಆ ಹುಡುಗನಿಗೆ ನಾನು ಎಷ್ಟು ಸಲ ಬೆತ್ತದ ರುಚಿ ತೋರಿಸಿದ್ದೆನೋ! ತಲೆ ತಗ್ಗಿಸಿ ಒಳಗೆ ಬಂದೆ. ಆದ್ದರಿಂದ ಪೊಲೀಸರನ್ನು ಹಳಿಯಲು ನಾನು ಇದನ್ನು ಬರೆಯುತ್ತಿಲ್ಲ. 2022ರ ಜುಲೈ 6ರಂದು ನಮ್ಮ ಕೆರೂರಿನಲ್ಲಿ ಎರಡು ಗುಂಪುಗಳ ಜಗಳ ಚೂರಿ ಇರಿತಕ್ಕೂ ಬೆಂಕಿಗೂ ತಿರುಗಿದಾಗ ನಿಷೇಧಾಜ್ಞೆ ಹಾಕಿದರು, ಶಾಲೆಗಳಿಗೆ ರಜೆ ಕೊಟ್ಟರು. ಅಂತಹ ರಾತ್ರಿಯಲ್ಲಿ "ನನ್ನ ಸಂಚಾರದ ಹಕ್ಕು" ಎಂದು ಬಜಾರಿಗೆ ಹೊರಡುವವನು ಸಂವಿಧಾನವನ್ನು ಅರ್ಧವೇ ಓದಿದವನು. 19ನೆಯ ವಿಧಿ ಸಂಚಾರದ, ಶಾಂತವಾಗಿ ಸಭೆ ಸೇರುವ ಹಕ್ಕು ಕೊಡುತ್ತದೆ. ಅದೇ ಉಸಿರಿನಲ್ಲಿ ಸಮಂಜಸ ನಿರ್ಬಂಧಕ್ಕೂ ಅವಕಾಶ ಕೊಡುತ್ತದೆ.

ಜಗಳವಿರುವುದು ಆ 'ಸಮಂಜಸ' ಎಂಬ ಒಂದು ಶಬ್ದದಲ್ಲಿ. ಅದೇ ನನ್ನ ನಿದ್ದೆ ಕೆಡಿಸಿದ್ದು. ಈಗ ಆ ಕಥೆ.

1990ರ ದಶಕದ ನಡುಭಾಗ. ನಾನಾಗ ಕೆಲಸ ಮಾಡುತ್ತಿದ್ದ ಶಾಲೆಗೆ ಸುತ್ತಲಿನ ಹಳ್ಳಿಗಳಿಂದ ಮಕ್ಕಳು ಬಸ್ಸಿನಲ್ಲಿ ಬರುತ್ತಿದ್ದರು. ಒಂದು ಮಧ್ಯಾಹ್ನ ಹುಡುಗಿಯೊಬ್ಬಳು ಪರೀಕ್ಷಾ ಶುಲ್ಕದ ಹಣ ಪಾಟೀಚೀಲದಿಂದ ಹೋಯಿತೆಂದು ಅಳುತ್ತ ನಿಂತಳು. ನಾನು ವರ್ಗಶಿಕ್ಷಕ. ಕದ ಹಾಕಿ ಅಗಳಿ ಜಡಿದೆ. "ಹಣ ಸಿಗುವವರೆಗೆ ಒಬ್ಬರೂ ಹೊರಗೆ ಹೋಗುವಂತಿಲ್ಲ" ಎಂದೆ. ಚೀಲಗಳನ್ನು ಸುರುವಿಸಿದೆ, ಕಿಸೆಗಳನ್ನು ಹೊರಳಿಸಿದೆ. ನಾಲ್ಕೂವರೆ ಆಯಿತು, ಐದಾಯಿತು, ಆರಾಯಿತು. ಕಳ್ಳತನ ಕೆಟ್ಟದ್ದು, ಕಳೆದುಕೊಂಡ ಮಗು ಬಡವಳು, ನನ್ನ ಉದ್ದೇಶ ಒಳ್ಳೆಯದು. ಇವೆಲ್ಲ ನಿಜ. ಹೊರಗೆ ಕೊನೆಯ ಬಸ್ಸು ಹೋದದ್ದೂ ನಿಜ.

ಆ ಬಸ್ಸಿಗೆ ಹೋಗಬೇಕಿದ್ದವರಲ್ಲಿ ಒಬ್ಬ ಹುಡುಗಿಯ ಹಳ್ಳಿ ಆರು ಕಿಲೋಮೀಟರು ದೂರ. ಆ ಕಡೆಗೆ ಹೋಗುವವಳು ಅವಳೊಬ್ಬಳೇ. ಎದ್ದು ನಿಂತು "ಸರ್, ಬಸ್ಸು..." ಎಂದಳು. "ಕೂಡು" ಎಂದೆ. ಕತ್ತಲಲ್ಲಿ ಅವಳು ನಡೆದು ಮನೆ ಮುಟ್ಟಿದ್ದು ನನಗೆ ಮರುದಿನ ತಿಳಿಯಿತು. ಅದೇ ಮರುದಿನ, ಹಣ ಕಳೆದುಕೊಂಡವಳು ನಗುತ್ತ ಬಂದು, ದುಡ್ಡು ಮನೆಯಲ್ಲಿಯೇ ಇನ್ನೊಂದು ಪುಸ್ತಕದ ಹೊದಿಕೆಯಲ್ಲಿತ್ತು ಎಂದಳು. ಇಡೀ ತರಗತಿ ನನ್ನ ಮುಖ ನೋಡಿತು. ನಾನೇನು ಮಾಡಿದೆ? "ಆಯಿತು, ಪುಸ್ತಕ ತೆಗೆಯಿರಿ" ಎಂದು ಪಾಠ ಶುರು ಮಾಡಿದೆ. ಆ ದಿನದ ಪಾಠ ಯಾವುದೆಂದು ಮರೆತಿದ್ದರೆ ಎಷ್ಟು ಚೆನ್ನಾಗಿತ್ತು! ಮೂಲಭೂತ ಹಕ್ಕುಗಳು.

ನಡೆದುಹೋದ ಹುಡುಗಿ ಶಾಲೆಗೆ ಬರಲಿಲ್ಲ. ವಾರ ಕಳೆದ ಮೇಲೆ ಅವಳ ಮನೆಗೆ ಹೋದೆ. ತಂದೆ ಕಂಬಳಿ ಹಾಸಿ ಕೂರಿಸಿದರು, ಚಹಾ ಕೊಟ್ಟರು. ಒಂದು ಬಿರುಸು ಮಾತಿಲ್ಲ. ಎದ್ದು ಹೊರಡುವಾಗ ಮೆಲ್ಲನೆ ಅಂದರು: "ಮಗಳನ್ನ ನಾವು ಸಾಲೀಗೆ ಕಳಿಸಿದ್ದೆವ್ರಿ ಸರ್, ಠಾಣೇಕ ಕಳಿಸಿದ್ದಿಲ್ಲ." ಮುಂದೆ ಅವಳು ಮರಳಿ ಬಂದಳು, ತೇರ್ಗಡೆಯೂ ಆದಳು. ಆದರೆ ಅದಕ್ಕೆ ಮೊದಲು ಪ್ರತಿ ಪ್ರಶ್ನೆಗೂ ಕೈ ಎತ್ತುತ್ತಿದ್ದವಳು ಆಮೇಲೆ ನನ್ನ ತರಗತಿಯಲ್ಲಿ ಒಂದು ಸಲವೂ ಕೈ ಎತ್ತಲಿಲ್ಲ. ನಾನು ಕೇಳಿದರೆ ಎದ್ದು ನಿಲ್ಲುವಳು, ನೆಲ ನೋಡುವಳು, ಅಷ್ಟೇ.

ಮೊಮ್ಮಗಳು ಕೇಳಿದ್ದು ಆ ಹುಡುಗಿಯ ಪ್ರಶ್ನೆಯನ್ನೇ.

ನಾನು ಎಡವಿದ್ದೆಲ್ಲಿ ಎಂದು ಈಗ ಎಣಿಸಬಲ್ಲೆ. ಹಣ ನಿಜವಾಗಿ ಶಾಲೆಯಲ್ಲೇ ಕಳೆಯಿತೇ ಎಂದು ವಿಚಾರಿಸಲಿಲ್ಲ. ಎಷ್ಟು ಹೊತ್ತಿನವರೆಗೆ ಎಂದು ಹೇಳಲಿಲ್ಲ. ಬಸ್ಸಿನ ಮಕ್ಕಳ ಗತಿ ಏನೆಂದು ಯೋಚಿಸಲಿಲ್ಲ. ಎದ್ದು ಹೇಳಿದವಳ ಮಾತು ಕೇಳಲಿಲ್ಲ. ಎಲ್ಲಕ್ಕಿಂತ ದೊಡ್ಡದು, ಮರುದಿನ ತಪ್ಪು ಒಪ್ಪಿಕೊಳ್ಳಲಿಲ್ಲ.

ದೊಡ್ಡ ಊರುಗಳಲ್ಲಿ, ದೊಡ್ಡ ಅಧಿಕಾರಿಗಳು ಎಡವಿದಾಗಲೂ ನ್ಯಾಯಾಲಯಗಳು ಹೆಚ್ಚುಕಡಿಮೆ ಇವನ್ನೇ ಕೇಳಿವೆ. 2019ರ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಪ್ರತಿಭಟನೆಗಳು ನಡೆಯಲಿದ್ದಾಗ ಬೆಂಗಳೂರಿನಲ್ಲಿ 19ರಿಂದ 21ರವರೆಗೆ 144 ಹಾಕಿದರು. ಮೊದಲೇ ಅನುಮತಿ ಪಡೆದವರಿಗೂ ಬಾಗಿಲು ಮುಚ್ಚಿತು. ಪುರಭವನದ ಎದುರು ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪೊಲೀಸರು ಎಳೆದೊಯ್ದುದನ್ನು ದೇಶವೇ ಟೀವಿಯಲ್ಲಿ ನೋಡಿತು. 2020ರ ಫೆಬ್ರುವರಿ 13ರಂದು ಮುಖ್ಯ ನ್ಯಾಯಮೂರ್ತಿ ಅಭಯ ಓಕಾ ಅವರ ನೇತೃತ್ವದ ಕರ್ನಾಟಕ ಉಚ್ಚ ನ್ಯಾಯಾಲಯದ ಪೀಠ ಆ ಆಜ್ಞೆಯನ್ನು ಕಾನೂನುಬಾಹಿರವೆಂದಿತು. ಕೆಳಗಿನ ಅಧಿಕಾರಿಗಳ ಅಭಿಪ್ರಾಯವನ್ನು ಆಜ್ಞೆಯಲ್ಲಿ ಬರೆದುಕೊಂಡರೆ ಸಾಲದು, ಆಜ್ಞೆ ಹೊರಡಿಸುವವರು ತಾವೇ ವಿಚಾರ ಮಾಡಿ ಕಾರಣ ಕಂಡುಕೊಂಡಿರಬೇಕು ಎಂಬುದು ಅದರ ತಾತ್ಪರ್ಯ. ಅದಕ್ಕೆ ತಿಂಗಳ ಹಿಂದೆ, ಜನವರಿ 10ರಂದು, ಕಾಶ್ಮೀರದ ನಿರ್ಬಂಧಗಳ ಕುರಿತು ಅನುರಾಧಾ ಭಾಸಿನ್ ಅವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ್ದೂ ಇದನ್ನೇ: ಆಜ್ಞೆಗಳನ್ನು ಪ್ರಕಟಿಸಬೇಕು, ಅಪಾಯಕ್ಕೆ ತಕ್ಕಷ್ಟೇ ನಿರ್ಬಂಧ ಇರಬೇಕು, ಮತ್ತೆ ಮತ್ತೆ ಅದೇ ಆಜ್ಞೆ ಹೊರಡಿಸುತ್ತ ಹೋಗುವುದು ಅಧಿಕಾರದ ದುರುಪಯೋಗ. ಆದರೆ ಗಮನಿಸಿರಿ, ಬೆಂಗಳೂರಿನ ತೀರ್ಪು ಬರುವ ಹೊತ್ತಿಗೆ ಆ ಮೂರು ದಿನಗಳು ಮುಗಿದು ಎರಡು ತಿಂಗಳು ಹತ್ತಿರವಾಗಿತ್ತು. ತೀರ್ಪು ಹೋದ ಬಸ್ಸನ್ನು ಮರಳಿ ತರಲಾರದು.

ಪರದೇಶದ ಒಂದು ಸಂಗತಿಯನ್ನೂ ಹೇಳಬೇಕು. 2013ರ ಏಪ್ರಿಲ್ 15ರಂದು ಅಮೆರಿಕದ ಬಾಸ್ಟನ್ನಿನ ಮ್ಯಾರಥಾನ್ ಓಟದಲ್ಲಿ ಬಾಂಬು ಸಿಡಿದು ಮೂವರು ಸತ್ತರು, ನೂರಾರು ಮಂದಿ ಗಾಯಗೊಂಡರು. 19ರಂದು, ತಪ್ಪಿಸಿಕೊಂಡ ಒಬ್ಬ ಆರೋಪಿಯನ್ನು ಹಿಡಿಯಲು ಬಾಸ್ಟನ್ ಮತ್ತು ನೆರೆಯ ವಾಟರ್‌ಟೌನಿನ ಜನರನ್ನು ದಿನವಿಡೀ ಮನೆಯೊಳಗೇ ಇರಿ ಎಂದು ಪೊಲೀಸರು ಕೇಳಿಕೊಂಡರು. ಮನೆಮನೆ ಶೋಧಿಸಿದರು, ಸಿಗಲಿಲ್ಲ. ಸಂಜೆ ಆರರ ಸುಮಾರಿಗೆ ಕೋರಿಕೆಯನ್ನು ಹಿಂತೆಗೆದುಕೊಂಡರು. ಆಮೇಲೆ ವಾಟರ್‌ಟೌನಿನ ಒಬ್ಬ ಗೃಹಸ್ಥ ಹೊರಗೆ ಬಂದು, ಹಿತ್ತಲಿನಲ್ಲಿದ್ದ ತನ್ನ ದೋಣಿಯ ಹೊದಿಕೆ ಸಡಿಲವಾಗಿರುವುದನ್ನು ಕಂಡು, ಇಣುಕಿ ನೋಡಿ ಪೊಲೀಸರಿಗೆ ಕರೆ ಮಾಡಿದ. ಆರೋಪಿ ಅದರೊಳಗಿದ್ದ! ಬೀಗ ಹಾಕಿದ್ದು ತಪ್ಪೆಂದು ಇದರಿಂದ ಸಿದ್ಧವಾಗುವುದಿಲ್ಲ. ಅಂದು ಜನ ಬೀದಿಯಲ್ಲಿದ್ದರೆ ಇನ್ನೆಷ್ಟು ಸಾವಾಗುತ್ತಿತ್ತೋ. ಆದರೆ ಸಾವಿರಾರು ಪೊಲೀಸರಿಗೆ ಕಾಣದ್ದು ತನ್ನ ಹಿತ್ತಲನ್ನು ತಾನು ಬಲ್ಲ ಒಬ್ಬ ನಾಗರಿಕನಿಗೆ ಕಂಡಿತು. ಜನರನ್ನು ಬಹುಕಾಲ ಒಳಗೆ ಕೂಡಿಹಾಕಿದರೆ ಊರಿನ ಕಣ್ಣುಗಳನ್ನೇ ಕಟ್ಟಿದಂತೆ.

ಹಾಗಾದರೆ ಸುರಕ್ಷತೆಯನ್ನೂ ಹಕ್ಕನ್ನೂ ಒಟ್ಟಿಗೆ ಕಾಪಾಡಲು ಸಾಧ್ಯವೇ? ಸಾಧ್ಯವೆಂದು ನಾನು ಕಣ್ಣಾರೆ ಕಂಡಿದ್ದೇನೆ. 2020ರ ಮಾರ್ಚ್ 27ಕ್ಕೆ ಆರಂಭವಾಗಬೇಕಿದ್ದ ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಂದಕ್ಕೆ ಹೋಗಿ ಜೂನ್ 25ಕ್ಕೆ ಶುರುವಾಯಿತು. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು. ಬೇಡ, ರದ್ದು ಮಾಡಿ ಎಂದವರೇ ಬಹಳ. ಅಂಜಿಕೆ ನನಗೂ ಇತ್ತು. ನಾನು ಕೊಠಡಿ ಮೇಲ್ವಿಚಾರಕ. ಗೇಟಿನಲ್ಲಿ ಜ್ವರ ನೋಡುವ ಯಂತ್ರ, ಕೈಗೆ ಸ್ಯಾನಿಟೈಸರು, ಬೆಂಚುಗಳ ನಡುವೆ ಅಂತರ, ಕೆಮ್ಮು ಜ್ವರ ಇದ್ದವರಿಗೆ ಬೇರೆ ಕೋಣೆ, ನಿರ್ಬಂಧಿತ ಪ್ರದೇಶದಿಂದ ಬಂದ ಮಕ್ಕಳಿಗೂ ಪ್ರತ್ಯೇಕ ವ್ಯವಸ್ಥೆ. ನಿನ್ನ ಓಣಿಗೆ ಸೀಲ್‌ಡೌನ್ ಆಗಿದೆ, ಈ ವರ್ಷ ನಿನಗೆ ಪರೀಕ್ಷೆಯಿಲ್ಲ ಎಂದು ಅಂತಹ ಮಗುವನ್ನು ಹೊರಗಿಡಲಿಲ್ಲ. ಬೀಗ ಜಡಿಯುವುದಕ್ಕೆ ಒಂದು ಸಹಿ ಸಾಕು. ಬಾಗಿಲನ್ನು ಅರ್ಧ ತೆರೆದಿಟ್ಟು ಕಾಯುವುದಕ್ಕೆ ನೂರು ಕೈಗಳ ದುಡಿಮೆ ಬೇಕು. ಆ ದುಡಿಮೆಗೆ ಬೇಸತ್ತಾಗಲೇ ನಾವು ಸುಲಭದ ಬೀಗ ಹುಡುಕುತ್ತೇವೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಅಪಾಯ ನಿಜವಾಗಿದ್ದಾಗ ಸರ್ಕಾರ ನಮ್ಮನ್ನು ಒಳಗಿರಿ ಎನ್ನಬಹುದು, ನಾವು ಇರಬೇಕು. ಆದರೆ ಆ ವಿಧೇಯತೆ ನಾವು ಕೊಟ್ಟ ಕೈಗಡ. ಕೈಗಡ ಪಡೆದವನು ಏಕೆ ಬೇಕೆಂದು ಹೇಳಬೇಕು, ಎಷ್ಟೆಂದು ಹೇಳಬೇಕು, ಯಾವಾಗ ಮರಳಿಸುವೆನೆಂದು ಹೇಳಬೇಕು. ಆಜ್ಞೆ ಜನರಿಗೆ ತಿಳಿಯುವ ಕನ್ನಡದಲ್ಲಿ ಪಂಚಾಯಿತಿಯ ಗೋಡೆಯ ಮೇಲೂ ಆಟೋದ ಧ್ವನಿವರ್ಧಕದಲ್ಲೂ ಬರಬೇಕು. ಒಂದು ಓಣಿಯ ಜಗಳಕ್ಕೆ ಇಡೀ ತಾಲ್ಲೂಕನ್ನು ಮುಚ್ಚಬಾರದು. ಔಷಧಿ, ಬಾಣಂತಿ, ದನದ ಮೇವು, ದಿನಗೂಲಿಯವನ ರೊಟ್ಟಿ, ಇವುಗಳ ಏರ್ಪಾಡು ಆಜ್ಞೆಯ ಜೊತೆಗೇ ಬರಬೇಕು, ಅಳು ಕೇಳಿದ ಮೇಲಲ್ಲ. ಮನೆಯಿಂದ ಹೊರಬಂದವನನ್ನು ಕೇಳುವ ಮೊದಲೇ ಹೊಡೆಯುವುದು ಯಾವ ಕಲಮಿನಲ್ಲಿಯೂ ಇಲ್ಲ. ಎಲ್ಲಕ್ಕೂ ಕೊನೆಗೆ, ಬಾಗಿಲು ತೆರೆದ ಮೇಲೆ ಲೆಕ್ಕ ಕೊಡಬೇಕು: ಇಂತಹ ಅಪಾಯವಿತ್ತು, ಇಷ್ಟು ತಪ್ಪಿತು, ಇಲ್ಲಿ ನಾವು ಎಡವಿದೆವು. ಈ ಕೊನೆಯದನ್ನು ನಮ್ಮಲ್ಲಿ ಯಾರೂ ಮಾಡುವುದಿಲ್ಲ. 2023ರ ಆಗಸ್ಟಿನಲ್ಲಿ ಪ್ರತಿಮೆಯೊಂದರ ವಿವಾದದಿಂದ ನಮ್ಮ ಬಾಗಲಕೋಟೆಯಲ್ಲಿಯೂ ನಿಷೇಧಾಜ್ಞೆ ಬಂದು ಹೋಯಿತು. ಬಂದದ್ದು ಎಲ್ಲರಿಗೂ ಗೊತ್ತಾಯಿತು. ಅದು ಹೋದ ಮೇಲೆ ಅದರಿಂದ ಕಲಿತದ್ದೇನೆಂದು ಎಷ್ಟು ಮನೆಗಳಲ್ಲಿ ಮಾತಾಯಿತು?

ನಿಮ್ಮಲ್ಲಿ ಪೊಲೀಸರಿದ್ದೀರಿ, ತಹಶೀಲ್ದಾರ ಕಚೇರಿಯಲ್ಲಿರುವವರಿದ್ದೀರಿ, ವಕೀಲರಿದ್ದೀರಿ, ನನ್ನಂತೆ ಕದ ಹಾಕುವ ಅಧಿಕಾರವಿರುವ ಶಿಕ್ಷಕರಂತೂ ಬಹಳ ಜನ ಇದ್ದೀರಿ. ಅಗಳಿ ಜಡಿಯುವ ಮೊದಲು, ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಒಮ್ಮೆ ಕೇಳಿರಿ.

ಲೆಕ್ಕ ಕೊಡಬೇಕೆಂದು ಊರಿಗೆ ಹೇಳುವವನು ಮೊದಲು ತನ್ನ ಲೆಕ್ಕ ಕೊಡಬೇಕಲ್ಲವೇ? ಆ ಸಂಜೆ ಆ ಕೋಣೆಯಲ್ಲಿದ್ದ ಎಲ್ಲ ಮಕ್ಕಳೇ, ಈಗ ನಿಮಗೂ ಮಕ್ಕಳಾಗಿರಬಹುದು. ಅಂದು ತಪ್ಪು ನನ್ನದು. ನಿಮ್ಮಲ್ಲಿ ಕಳ್ಳರಿರಲಿಲ್ಲ. ಮತ್ತು, ಕತ್ತಲಲ್ಲಿ ಆರು ಕಿಲೋಮೀಟರು ನಡೆದ ತಂಗಿ, ಇದು ನಿನ್ನ ಕಣ್ಣಿಗೆ ಬಿದ್ದರೆ, ಮುಪ್ಪಿನ ಈ ಮಾಸ್ತರನನ್ನು ಕ್ಷಮಿಸು. ಅಂದು ನೀನು ಎದ್ದು ನಿಂತು ಆಡಿದ ಎರಡು ಮಾತು ನಾನು ಕಲಿಸಿದ ಪೌರನೀತಿಗಿಂತ ದೊಡ್ಡದಾಗಿತ್ತು. ಮೊಮ್ಮಗಳಿಗೆ ನಾಳೆ ಉತ್ತರ ಹೇಳುವಾಗ ನಿನ್ನ ಕಥೆಯನ್ನೇ ಹೇಳುತ್ತೇನೆ.